ಹಡಗಿನುಯ್ಯಾಲೆಯಲ್ಲಿ ಅರ್ಧ ಕೇಜಿ ಕಡಲೆಕಾಯಿ

ಮೇಲೂರಿನ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು ವೆಂಕಟರವಣಪ್ಪನವರು ಎರಡೂ ಕಾಲನ್ನು ನೆಲದ ಮೇಲೆ ಊರಿ ನಿಂತಿರುವಷ್ಟು ಹೊತ್ತು ಮಹಾಶೂರರು. ನೀರು ತುಂಬಿದ ಬಕೆಟ್ಟಿಗೆ ಹಗ್ಗ ಕಟ್ಟಿ, ಶಾಲೆಯ ಅಂಗಳದಲ್ಲಿ ಅದನ್ನು ಗಿರಗಿರನೆ ತಿರುಗಿಸಿ, ಬಕೆಟ್ಟು ತಲೆಕೆಳಗಾದರೂ ಒಂದು ಹನಿ ಚೆಲ್ಲದಂತೆ ತೋರಿಸುವುದು ಅವರ ದಿಗ್ವಿಜಯ. ಒಮ್ಮೆ ಹಗ್ಗ ಹರಿದು ಬಕೆಟ್ಟು ನೇರವಾಗಿ ಹೆಡ್‌ಮಾಸ್ಟರ ಕೋಣೆಗೆ ನುಗ್ಗಿತು. ಮೇಷ್ಟ್ರು ಧೈರ್ಯಗೆಡದೆ, "ನೋಡಿದ್ರೇನ್ರಪ್ಪ, ಹಗ್ಗ ಹರಿದ್ರೆ ವಸ್ತು ನೆಟ್ಟಗೆ ಹೋಗುತ್ತೆ" ಎಂದು ಅದನ್ನೂ ಪಾಠಕ್ಕೆ ಸೇರಿಸಿಕೊಂಡರು.

ಕಾಲು ನೆಲ ಬಿಟ್ಟರೆ ಮಾತ್ರ ಕಥೆ ಬೇರೆ. ಮನೆಯಲ್ಲಿ ಬಲ್ಬು ಸುಟ್ಟರೆ ಸ್ಟೂಲು ಹತ್ತುವವರು ಅವರ ಹೆಂಡತಿ. ಮೇಷ್ಟ್ರು ಕೆಳಗೆ ನಿಂತು ಸ್ಟೂಲು ಹಿಡಿದುಕೊಂಡು ವಿದ್ಯುತ್ತಿನ ಬಗ್ಗೆ ಮಾತಾಡುವರು. ನಂದಿಬೆಟ್ಟದ ಬಗ್ಗೆ ಅವರಿಗೆ ಅಪಾರ ಗೌರವ. ಆ ಗೌರವವನ್ನು ಜೀವಮಾನವೆಲ್ಲ ಕೆಳಗಿನ ನಂದಿ ಊರಿನ ಬಸ್‌ಸ್ಟಾಪಿನಿಂದಲೇ ಸಲ್ಲಿಸಿದ್ದರು.

ಇಂಥವರು ೨೦೦೭ರ ಚಳಿಗಾಲದಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಬೆಂಗಳೂರಿನಾಚೆಯ ಮನರಂಜನಾ ಪಾರ್ಕಿಗೆ ಕರೆದೊಯ್ಯುತ್ತೇನೆಂದು ಹಟ ಹಿಡಿದರು. ಅಲ್ಲಿಯವರೆಗೆ ಶಾಲೆಯ ಪ್ರವಾಸವೆಂದರೆ ಬೇಲೂರು, ಹಳೇಬೀಡು. ಹೋಗಿಬಂದ ಮಕ್ಕಳು "ಅಲ್ಲಿನ ಶಿಲ್ಪಕಲೆ ಅತ್ಯದ್ಭುತವಾಗಿತ್ತು" ಎಂದು ಬರೆಯುತ್ತಿದ್ದರು. ಅವರ ಅಣ್ಣಂದಿರೂ ಅದನ್ನೇ ಬರೆದಿದ್ದರು, ಅದೇ ಕಾಗುಣಿತದ ತಪ್ಪುಗಳೊಂದಿಗೆ.

"ಉಯ್ಯಾಲೆಯಲ್ಲಿ ಲೋಲಕ ಇದೆ, ಜಾರುಬಂಡೆಯಲ್ಲಿ ಘರ್ಷಣೆ ಇದೆ, ಅಲ್ಲಿರೋ ಒಂದೊಂದು ಯಂತ್ರವೂ ಒಂದೊಂದು ಪಾಠ!" ಎಂದು ಮೇಷ್ಟ್ರು ಶಾಲಾ ಸಮಿತಿಯ ಮುಂದೆ ಗುಡುಗಿದರು.

ಸಮಿತಿಯ ಅಧ್ಯಕ್ಷೆ ಆದಿಲಕ್ಷ್ಮಮ್ಮ ಸುಲಭಕ್ಕೆ ಬಗ್ಗುವವರಲ್ಲ. ಮನೆಯಲ್ಲಿ ರೇಷ್ಮೆಹುಳು ಸಾಕಿ, ಗೂಡನ್ನು ತಾವೇ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಒಯ್ದು ಮಾರುವವರು. ತೂಕದ ವಿಷಯದಲ್ಲಿ ಅವರನ್ನು ಏಮಾರಿಸಿದವರು ಆ ಮಾರ್ಕೆಟ್ಟಿನಲ್ಲಿ ಯಾರೂ ಇರಲಿಲ್ಲ. ಅವರು ಬಂದು ನಿಂತರೆ ತಕ್ಕಡಿಯ ಮುಳ್ಳು ತಾನಾಗಿ ನೆಟ್ಟಗಾಗುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಕೊನೆಯ ಮಗಳು ಮುನಿಲಕ್ಷ್ಮಿ ಅದೇ ಒಂಬತ್ತನೇ ತರಗತಿ.

"ಆಟಕ್ಕಾದ್ರೆ ನಮ್ಮ ಹುಣಸೇಮರಕ್ಕೇ ಹಗ್ಗ ಕಟ್ಕೊಡ್ತೀನಿ ಮೇಷ್ಟ್ರೇ. ಪಾಠ ಇದೆ ಅಂತೀರಲ್ಲ, ಎಲ್ಲಿದೆ ತೋರ್ಸಿ. ನಾನೂ ಬರ್ತೀನಿ. ಕಂಡ್ರೆ ಮಕ್ಳು ವರ್ಷಾ ವರ್ಷಾ ಹೋಗ್ಲಿ. ಕಾಣ್ಲಿಲ್ವಾ, ಇದೇ ಕೊನೆ."

"ಖಂಡಿತ ತೋರಿಸ್ತೀನಮ್ಮ."

"ಕೆಳಗೆ ನಿಂತು ಬೆರಳು ತೋರ್ಸೋದಲ್ಲ. ನೀವೂ ಕೂತ್ಕೋಬೇಕು. ಗೂಡು ಕೊಳ್ಳೋನು ಕೈ ಹಾಕಿ ನೋಡ್ದೆ ರೇಟು ಕೂಗ್ತಾನಾ?"

ಮೇಷ್ಟ್ರು ತಪ್ಪಿಸಿಕೊಳ್ಳಲು ಬಾಗಿಲ ಕಡೆ ನೋಡಿದರು. ಆದರೆ ಬಾಗಿಲ ಸಂದಿಯಲ್ಲಿ ಇಡೀ ಒಂಬತ್ತನೇ ತರಗತಿ ಕಿವಿಯಾಗಿ ನಿಂತಿತ್ತು. "ಆಗಲಿ" ಎಂದುಬಿಟ್ಟರು.

ದಂಡಯಾತ್ರೆ ಹೊರಟಿತು. ದಾರಿಯುದ್ದಕ್ಕೂ ಮಕ್ಕಳು ಹಾಡಿದರು. ದಂಡನಾಯಕರು ಬಸ್ಸಿನ ಮುಂದಿನ ಸೀಟಿನಲ್ಲಿ ನಿಂಬೆಹಣ್ಣು ಮೂಸುತ್ತ ಕೂತರು. ಅವರ ಚೀಲದಲ್ಲಿ ಎರಡು ಆಯುಧಗಳಿದ್ದವು: ಶಾಲೆಯ ಸ್ಪ್ರಿಂಗ್ ತಕ್ಕಡಿ ಮತ್ತು ಒಂದು ಬಟ್ಟೆಚೀಲದಲ್ಲಿ ಹುರಿದ ಕಡಲೆಕಾಯಿ.

ಪಾರ್ಕಿನಲ್ಲಿ ಅವರು ಆರಿಸಿದ್ದು ಹಡಗಿನಾಕಾರದ ದೊಡ್ಡ ಉಯ್ಯಾಲೆ. ದೂರದಿಂದ ಅದು ಪುಸ್ತಕದಲ್ಲಿರುವ ಲೋಲಕದ ಚಿತ್ರದಂತೆಯೇ ಸೌಮ್ಯವಾಗಿ ಕಂಡಿತ್ತು. ಹತ್ತಿರ ಹೋದಾಗ ಅದರ ಹೊಟ್ಟೆಯೊಳಗಿಂದ ಜನ ಕಿರುಚುತ್ತಿರುವುದು ಕೇಳಿಸಿತು.

"ಸಾರ್, ನಿಮ್ಮ ಕಾಲ್ಯಾಕೆ ನಡುಗ್ತಾ ಇದೆ?" ಎಂದಳು ಮುನಿಲಕ್ಷ್ಮಿ.

"ಅದು ಕಂಪನ ಕಣಮ್ಮ. ಎಂಟನೇ ಕ್ಲಾಸಲ್ಲೇ ಮಾಡಿದ್ದೀವಿ."

ಅವರು ತಕ್ಕಡಿಯ ಕೊಕ್ಕೆಗೆ ಚೀಲ ತೂಗುಹಾಕಿ ಎಲ್ಲರಿಗೂ ತೋರಿಸಿದರು. "ಸರಿಯಾಗಿ ಅರ್ಧ ಕೇಜಿ. ಹಡಗು ಆಡುವಾಗ ಇದು ಬದಲಾಗುತ್ತೆ."

"ಯಾರಾದ್ರೂ ತಿಂದ್ರೆ ಬದಲಾಗುತ್ತೆ" ಎಂದರು ಆದಿಲಕ್ಷ್ಮಮ್ಮ.

ಹಡಗು ನಡೆಸುವ ಹುಡುಗ ತಡೆದ. "ಸಾಮಾನು ಒಳಗೆ ಬಿಡಲ್ಲಮ್ಮ."

"ಇದು ಸಾಮಾನಲ್ಲಪ್ಪ, ಪಾಠ" ಎಂದು ಆದಿಲಕ್ಷ್ಮಮ್ಮ ಒಳಗೆ ನಡೆದು, ತಕ್ಕಡಿಯನ್ನು ಎದುರಿನ ಕಂಬಿಗೆ ತಮ್ಮ ಕರ್ಚೀಫಿನಿಂದ ಬಿಗಿದರು. ಗೂಡಿನ ಮೂಟೆ ಕಟ್ಟಿದ ಕೈ. ಆ ಗಂಟು ಬಿಚ್ಚಿಸುವ ಧೈರ್ಯ ಹುಡುಗನಿಗೆ ಬರಲಿಲ್ಲ.

ಹಡಗು ಹೊರಟಿತು. ಮೇಷ್ಟ್ರು ಮೊದಲ ತೂಗಾಟಕ್ಕೆ ಕಣ್ಣು ಮುಚ್ಚಿದರು, ಎರಡನೆಯದಕ್ಕೆ ಸಿದ್ಧಪಡಿಸಿಕೊಂಡಿದ್ದ ಭಾಷಣವನ್ನು ಮರೆತರು, ಮೂರನೆಯದಕ್ಕೆ ಕುಲದೇವರನ್ನು ನೆನೆದರು. ಮುಚ್ಚಿದ ಕಣ್ಣಿನ ಕತ್ತಲೆಯೊಳಗೆ ಪಕ್ಕದಿಂದ ಗೂಡಿನ ಮಾರ್ಕೆಟ್ಟಿನ ಹರಾಜಿನಂಥ ದನಿಯೊಂದು ಕೇಳುತ್ತಿತ್ತು.

"ಮುಕ್ಕಾಲು!... ಮೇಷ್ಟ್ರೇ, ಒಂದು ಕೇಜಿ ಹತ್ರ ಹೋಯ್ತು!... ಅಯ್ಯೋ ದೇವುಡಾ, ಈಗ ಕಾಲು ಕೇಜೀನೂ ಇಲ್ಲ! ಏಯ್, ನಿಲ್ಸೋ ಹಡಗು! ತಕ್ಕಡಿ ಮೋಸ!"

ಹಡಗು ನಿಂತದ್ದೇ ತಡ, ಆದಿಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ನೇರವಾಗಿ ಆ ಹುಡುಗನ ಮುಂದೆ ಹೋಗಿ ನಿಂತರು.

"ಮೇಲೆ ಹೋದಾಗ ಅರ್ಧಕ್ಕರ್ಧ ಕದೀತೀಯಾ? ಯಾರೂ ನೋಡಲ್ಲ ಅನ್ಕೊಂಡ್ಯಾ?"

"ಅಮ್ಮಾ, ನಾನು ಬಟನ್ ಒತ್ತೋನಮ್ಮ!"

"ಎಲ್ಲಾ ಹಂಗೇ ಅಂತಾರೆ. ತಗೊಂಬಾರೇ ಮುನಿಲಕ್ಷ್ಮಿ ಆ ತಕ್ಕಡಿ!"

ಮಗಳು ತಂದಳು. ಆದಿಲಕ್ಷ್ಮಮ್ಮ ಚೀಲವನ್ನು ಎಲ್ಲರೆದುರು ಎತ್ತಿ ಹಿಡಿದರು. ಮುಳ್ಳು ಸರಿಯಾಗಿ ಅರ್ಧ ಕೇಜಿಗೇ ನಿಂತಿತ್ತು. ಅವರು ತಕ್ಕಡಿ ಅಲ್ಲಾಡಿಸಿದರು. ಮತ್ತೂ ಅರ್ಧ ಕೇಜಿ. ಮಾರ್ಕೆಟ್ಟಿನಲ್ಲಿ ಹೋದ ತೂಕ ಹೋಯಿತು, ಅದು ತಾನಾಗಿ ವಾಪಸು ಬಂದದ್ದನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ತಿರುಗಿ ಮೇಷ್ಟ್ರನ್ನು ನೋಡಿದರು.

ಮೇಷ್ಟ್ರು ಹಡಗಿನ ಸುತ್ತಲಿನ ಕಂಬಿಬೇಲಿಯನ್ನು ತಬ್ಬಿಕೊಂಡು ನೆಲದ ಮೇಲೆ ಕೂತಿದ್ದರು. ಭೂಮಿ ಇನ್ನೂ ಆಡುತ್ತಿತ್ತು. ಆದರೆ ಈಗ ಬಾಯಿ ತೆರೆಯದಿದ್ದರೆ ಮುಂದಿನ ವರ್ಷದ ಮಕ್ಕಳಿಗೆ ಮತ್ತೆ ಅದೇ ಶಿಲ್ಪಕಲೆ, ಅದೇ ವಾಕ್ಯ. ಅವರು ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡೇ ಕೇಳಿದರು:

"ಮೇಲಿಂದ ಇಳಿಯೋಕೆ ಶುರುವಾದಾಗ ನಿಮ್ಮ ಹೊಟ್ಟೆಗೆ ಏನನ್ನಿಸ್ತಮ್ಮ?"

"ಖಾಲಿ ಆದಂಗಾಯ್ತು. ಮೈಯೇ ಇಲ್ವೇನೋ ಅನ್ನಂಗೆ."

"ಬುಡಕ್ಕೆ ಬಂದಾಗ?"

"ಯಾರೋ ಹೆಗಲ ಮೇಲೆ ಕೂತು ಅದುಮಿದಂಗೆ."

"ಕಡ್ಲೇಕಾಯಿಗೂ ಅದೇ ಆಗಿದ್ದು. ಯಾರೂ ಕದೀಲಿಲ್ಲ. ತಕ್ಕಡಿ ಹೇಳೋದು ಚೀಲ ಎಷ್ಟು ಜಗ್ಗುತ್ತೆ ಅಂತ. ಒಳಗೆ ಕಾಯಿ ಎಷ್ಟಿದೆ ಅಂತಲ್ಲ."

ಆದಿಲಕ್ಷ್ಮಮ್ಮ ಚೀಲವನ್ನು ತಕ್ಕಡಿಯಿಂದ ಕಳಚಿ, ಅಂಗೈಯಲ್ಲಿ ತೂಗಿ ನೋಡಿ, ಮತ್ತೆ ಕೊಕ್ಕೆಗೆ ಹಾಕಿದರು.

"ಇನ್ನೊಂದ್ಸಲ ನೋಡ್ಬೇಕು" ಎಂದರು ಕೊನೆಗೆ.

"ನೋಡಿ ತಾಯಿ, ಧಾರಾಳವಾಗಿ ನೋಡಿ."

"ನೀವೂ ಏಳಿ. ಸಾಕ್ಷಿ ಬೇಡ್ವಾ?"

ಮೇಷ್ಟ್ರು ಎದ್ದರು. ರಣರಂಗಕ್ಕೆ ಮರಳುವ ಗಾಯಾಳು ವೀರನಂತೆ, ಮುನಿಲಕ್ಷ್ಮಿಯ ಭುಜ ಹಿಡಿದು ಹತ್ತಿದರು. ಈ ಸಲ ತುದಿಗೆ ಹೋದಾಗ ಒಂದೇ ಒಂದು ಕಣ್ಣು ತೆರೆದರು. ಇಷ್ಟು ವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದೆಲ್ಲ ಅಲ್ಲಿ ಪುಟ್ಟ ಮುಳ್ಳಾಗಿ ಸೊನ್ನೆಯ ಕಡೆಗೆ ಸರ್ರನೆ ಮೇಲೇರುತ್ತಿತ್ತು. "ಇದೆ! ಇದೆ!" ಎಂದು ಚಿಕ್ಕ ಮಗುವಿನಂತೆ ಕೂಗಿದರು. ಮರುಕ್ಷಣ ಕಣ್ಣು ಮುಚ್ಚಿದರು. ಇಳಿದ ಮೇಲೆ ಗಿಡದ ಮರೆಗೆ ಹೋಗಿ ಬಂದರು. ಅದರ ವಿವರ ಬೇಡ.

ಆಮೇಲೆ ಮಕ್ಕಳ ಸರದಿ. ಸಂಜೆಯವರೆಗೂ ತಕ್ಕಡಿ ಹಡಗು ಬಿಟ್ಟು ಇಳಿಯಲಿಲ್ಲ. ಕೊನೆಯ ತಂಡದವರು ಇಳಿದು ನೋಡಿದರೆ ನೆಲದ ಮೇಲೂ ಚೀಲದ ತೂಕ ಕಾಲು ಕೇಜಿ.

"ಇದು ಯಾವ ಬಲ ಸಾರ್?"

"ಹಲ್ಲಿನ ಬಲ ಕಣ್ರೋ, ಬಾಯಿ ಒರೆಸ್ಕೊಳ್ಳಿ."

ವಾಪಸು ಬರುವಾಗ ಆದಿಲಕ್ಷ್ಮಮ್ಮ ಬಸ್ಸಿನ ನಡುವೆ ಎದ್ದು ನಿಂತು ತೀರ್ಪು ಕೊಟ್ಟರು. "ಪಾಠ ಇದೆ. ನಾನೇ ಕಣ್ಣಾರೆ ಕಂಡಿದೀನಿ. ವರ್ಷಾ ವರ್ಷಾ ಹೋಗ್ಲಿ ಮಕ್ಳು." ಬಸ್ಸು ಕೇಕೆಯಿಂದ ಅದುರಿತು. ಸೀಟಿನ ಮೇಲೆ ಅಡ್ಡಬಿದ್ದಿದ್ದ ಮೇಷ್ಟ್ರ ಮುಖದಲ್ಲಿ ನಗು ಮೂಡಿತು. ಅಷ್ಟರಲ್ಲಿ ಆದಿಲಕ್ಷ್ಮಮ್ಮ ಮುಂದುವರಿಸಿದರು: "ಆದ್ರೆ ಮೇಷ್ಟ್ರೂ ವರ್ಷಾ ವರ್ಷಾ ಹಡಗಲ್ಲಿ ಕೂತ್ಕೋಬೇಕು. ಮುಳ್ಳು ನೋಡೋಕೆ ನಾನು ಬರ್ತೀನಿ."

ಮೇಷ್ಟ್ರು ನಿಂಬೆಹಣ್ಣನ್ನು ಮತ್ತೆ ಮೂಗಿಗೆ ಒತ್ತಿಕೊಂಡರು. "ಆಗಲಿ ತಾಯಿ" ಎಂದರು.

ಮುಂದಿನ ವಾರ ಮನೆಯ ಬಲ್ಬು ಸುಟ್ಟಿತು. ಹೆಂಡತಿ ರೂಢಿಯಂತೆ ಸ್ಟೂಲು ತಂದಿಟ್ಟು ಸೀರೆ ಎತ್ತಿ ಕಟ್ಟಿಕೊಂಡರು. "ನೀನು ಕೆಳಗೆ ಹಿಡ್ಕೋ, ನನಗೆ ಅಭ್ಯಾಸ ಆಗ್ಬೇಕು" ಎಂದು ವೆಂಕಟರವಣಪ್ಪನವರೇ ಹತ್ತಿದರು, ಒಂದು ಕಣ್ಣು ಮುಚ್ಚಿಕೊಂಡು.