ನೆಲ ಎಲ್ಲರದು, ಕೆಮ್ಮು ನಮ್ಮ ಮನೆಯದು

ನಾನು ದನದ ಸಂತೆಯ ದಲಾಲಿ. ಚಿತ್ತಾಪುರದಿಂದ ಚಿಂಚೋಳಿಯವರೆಗೆ ಯಾವ ಸಂತೆಗೆ ಹೋದರೂ ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ರೇಟು ಮುರಿಯುವುದೇ ನನ್ನ ಹೊಟ್ಟೆಪಾಡು. ಎದುರಿನವನ ಮುಖ ನೋಡಬಾರದು, ಅವನ ಅಂಗೈ ಬೆವರುತ್ತದೋ ಇಲ್ಲವೋ ಅದನ್ನು ತಿಳಿಯಬೇಕು. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಓದುವವರಲ್ಲಿ ಎತ್ತು ಕೊಳ್ಳುವವರಿದ್ದರೆ ನೆನಪಿಟ್ಟುಕೊಳ್ಳಿ. ಆದರೆ ಇಲ್ಲಿ ಬರೆಯುತ್ತಿರುವುದು ಎತ್ತಿನ ಮಾತಲ್ಲ, ಮನೆಯ ಮಾತು.

ಶಹಾಬಾದಿನ ನಮ್ಮ ಓಣಿ ಕಲ್ಲು ಒಡೆಯುವ ಕೂಲಿಗಳು ಕಟ್ಟಿಕೊಂಡದ್ದು. ಗೋಡೆ ನಮ್ಮವು, ಮೇಲೆ ಹೊದಿಸಿದ ಫರಸಿ ಕಲ್ಲು ನಮ್ಮವು, ನೆಲ ಮಾತ್ರ ಕಲಬುರಗಿಯ ಒಬ್ಬ ಸಾಹುಕಾರರದು. ಅವರ ಗುಮಾಸ್ತ ಆಗಾಗ ಬಂದು ಯಾವಾಗ ಖಾಲಿ ಮಾಡುತ್ತೀರಿ ಎಂದು ಕೇಳಿ, ನಮ್ಮದೇ ಚಹಾ ಕುಡಿದು ಹೋಗುತ್ತಿದ್ದ. ಆ ಅಂಜಿಕೆಯಲ್ಲೇ ನಾವು ಮಕ್ಕಳ ಲಗ್ನ ಮಾಡಿದೆವು. ಕಡೆಗೆ ಸಾಹುಕಾರರು ನೆಲ ಮಾರಲು ನಿಂತರು. ಒಬ್ಬೊಬ್ಬರೇ ಕೊಳ್ಳಲು ಹೋದರೆ ಅರ್ಧ ಓಣಿ ಬೀದಿಗೆ ಬೀಳುತ್ತಿತ್ತು. ಅದಕ್ಕೆ ಎಲ್ಲರೂ ಸೇರಿ ಸಂಘ ಮಾಡಿದೆವು. ನೆಲ ಸಂಘದ್ದು, ಮನೆ ಅದರಲ್ಲಿ ಇರುವವರದು.

ಮಾತಾಡಲು ನನ್ನನ್ನೇ ಕಳಿಸಿದರು. ರೂಢಿ ಬಿಡಬೇಕಲ್ಲ, ಸಾಹುಕಾರರ ಕೈಯನ್ನೂ ಟವೆಲಿನ ಕೆಳಗೇ ಹಿಡಿದೆ. ಅವರು ನಕ್ಕರು, ಆದರೆ ಬಗ್ಗಿದರು. ಓಣಿಗೆ ಬಂದು ರೇಟು ಹೇಳಿದರೆ ಒಬ್ಬರೂ ನಂಬಲಿಲ್ಲ. ಪಕ್ಕದ ಮನೆಯಾಕೆ, ಗಂಡ ಸತ್ತ ಮೇಲೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಬದುಕುವವಳು, ಎಲ್ಲರ ಮುಂದೆ ಕೇಳಿದಳು: “ಟವೆಲ್ ಒಳಗಿನ ಮಾತು ಯಾರು ನೋಡ್ಯಾರ ಅಣ್ಣಾ? ನಿನ್ನ ಬೆರಳೇನು ಸಾಕ್ಷಿ ಹೇಳ್ತಾವ?” ಮರುದಿನ ಎಲ್ಲರನ್ನೂ ಟಂಟಂ ಗಾಡಿಯಲ್ಲಿ ತುಂಬಿಕೊಂಡು ಹೋಗಿ, ಸಾಹುಕಾರರ ಬಾಯಿಂದಲೇ ಹೇಳಿಸಬೇಕಾಯಿತು. ಅವತ್ತಿನಿಂದ ಓಣಿಯಲ್ಲಿ ಒಂದು ಪದ್ಧತಿ ಬಂತು. ಮನೆಯದಾಗಲಿ ನೆಲದ್ದಾಗಲಿ, ರೇಟಿನ ಮಾತು ಬೇವಿನ ಮರದ ಕೆಳಗೆ, ಎಲ್ಲರಿಗೂ ಕೇಳುವಂತೆ.

ನಿಯಮಗಳನ್ನೂ ಆ ಮರದ ಕೆಳಗೇ ಬರೆದೆವು. ಮಗ ಜಗಳ ಮಾಡಿದರೆ ತಾಯಿಯನ್ನು ಹೊರಗೆ ಹಾಕುವಂತಿಲ್ಲ. ಗಂಡ ಬಿಟ್ಟು ಹೋದರೆ ಮನೆ ಹೆಂಡತಿಗೆ. ಹೊರಗಿನವರಿಗೆ ಮಾರುವಂತಿಲ್ಲ. ಹೊರದಬ್ಬುವ ಒಂದೊಂದು ದಾರಿಯನ್ನೂ ಹುಡುಕಿ ಹುಡುಕಿ ಮುಚ್ಚಿದೆವು. ಬಿಟ್ಟು ಹೋಗುವವರು ಮನೆಯನ್ನು ಸಂಘಕ್ಕೆ ಒಪ್ಪಿಸಿ ಗೋಡೆ ಕಟ್ಟಿದ ಖರ್ಚು ತೆಗೆದುಕೊಳ್ಳಲಿ ಎಂದು ಒಂದೇ ಸಾಲು ಬರೆದು ಎದ್ದೆವು. ಅದರ ಮೇಲೆ ಒಂದು ಬೀಡಿ ಸೇದುವಷ್ಟು ಹೊತ್ತೂ ಮಾತಾಡಲಿಲ್ಲ. ಇಷ್ಟು ಕಷ್ಟದಿಂದ ಸಿಕ್ಕ ಮನೆ ಯಾರು ಬಿಡುತ್ತಾರೆ? ಹುಟ್ಟಿದಾಗಿನಿಂದ ಹೊರಗೆ ಹಾಕಿಸಿಕೊಳ್ಳುವ ಭಯ ಉಂಡವರಿಗೆ, ತಾವಾಗಿಯೇ ಹೊರಗೆ ಹೋಗಬೇಕಾದೀತು ಅನ್ನುವುದು ತಲೆಗೆ ಹೊಳೆಯಲೇ ಇಲ್ಲ.

ಆಮೇಲೆ ನಮ್ಮ ಮನೆಯ ಹಿಂದೆ, ಓಣಿಯ ಮೂಡಣ ತುದಿಗೆ, ಕಲ್ಲು ಪಾಲಿಶ್ ಮಾಡುವ ಮಷೀನು ಬಂತು. ಬಿಳಿ ಧೂಳು. ಹಿಟ್ಟಿನ ಡಬ್ಬಿ ಮುಚ್ಚಿದರೂ ಒಳಗೆ ಅದೇ. ನನ್ನ ಹೆಂಡತಿಗೆ ಕೆಮ್ಮು ಹತ್ತಿತು, ಮತ್ತೆ ಬಿಡಲಿಲ್ಲ. ಕಲಬುರಗಿಯ ಡಾಕ್ಟರು ಮೊದಲು ಆ ಧೂಳು ಬಿಡಿ, ಔಷಧ ಆಮೇಲೆ ಅಂದರು.

ಸೇಡಂನಲ್ಲಿ ಮನೆ ನೋಡಿದೆ. ಸಂಘ ಕೊಡುವ ಗೋಡೆಯ ಖರ್ಚಿನಲ್ಲಿ ಅಲ್ಲಿ ತಗಡಿನ ಶೆಡ್ಡೂ ಬರುವುದಿಲ್ಲ. ಬಾಡಿಗೆಗೆ ಕೇಳಲು ಹೋದಾಗ ಅವಳು ಬಾಗಿಲಲ್ಲೇ ಕೆಮ್ಮಿದಳು, ಮನೆ ಮಾಲೀಕರು ಮನೆ ಕೊಟ್ಟಾಗಿದೆ ಅಂದುಬಿಟ್ಟರು.

ಅಂಥ ಹೊತ್ತಿನಲ್ಲಿ ಪಾಲಿಶ್ ಮಷೀನಿನ ಮಾಲೀಕ ನನ್ನ ಕಟ್ಟೆಗೆ ಬಂದು ಕುಂತ. ನಮ್ಮ ಮನೆ ಅವನಿಗೆ ಗೋದಾಮಿಗೆ ಬೇಕಿತ್ತು. ನನ್ನ ಕಸುಬು ಗೊತ್ತಿದ್ದವನು, ಹೆಗಲ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಸಿ ಬೆರಳು ಒತ್ತಿದ. ಅವನು ಒತ್ತಿದ ರೇಟಿನಲ್ಲಿ ಕಾಗಿಣಾ ಹೊಳೆಯ ಕಡೆ ಅಂಗಳವಿರುವ ಮನೆಯೇ ಬರುತ್ತಿತ್ತು. ಇಷ್ಟು ಸಂತೆ ಸುತ್ತಿದ ನನ್ನ ಅಂಗೈ ಅವತ್ತು ಬೆವರಿತು, ಅದು ಅವನಿಗೂ ತಿಳಿಯಿತು. ಕೈ ಎಳೆದುಕೊಂಡು, ನಮ್ಮಲ್ಲಿ ರೇಟು ಮರದ ಕೆಳಗೆ ಹೇಳಬೇಕು ಅಂದೆ. ಹೇಳಿದರಾಯಿತು ಅಂದು ಎದ್ದ. ರವಿವಾರ ಮರದ ಕೆಳಗಿನ ಸಭೆಗೆ ಬಂದು ಹೇಳಿಯೂಬಿಟ್ಟ.

ಅವನು ಹೋದ ಮೇಲೆ ನಾನು ನಿಂತು ಮಾತಾಡಿದೆ. ಹೊರಗಿನವನಿಗೆ ಮಾರಲು ಇದೊಂದು ಸಲ ಬಿಡಿ, ಬಂದದ್ದರಲ್ಲಿ ಸಂಘಕ್ಕೂ ಪಾಲು ಕೊಡುತ್ತೇನೆ, ಡಾಕ್ಟರ ಚೀಟಿ ಇದೆ ಅಂದೆ. ಯಾರೂ ತುಟಿ ಬಿಚ್ಚಲಿಲ್ಲ. ಸುಮ್ಮನಿದ್ದರೆ ಎದುರಿನವನು ತಾನಾಗಿ ಇಳಿಯುತ್ತಾನೆ ಎಂದು ಸಾಹುಕಾರರ ಮನೆಗೆ ಹೋಗುವಾಗ ಅವರಿಗೆಲ್ಲ ಹೇಳಿಕೊಟ್ಟವನು ನಾನೇ. ಸಂಘದ ಪಾಲು ಏರಿಸುತ್ತ ನಾನೇ ಇಳಿಯುತ್ತಲೇ ಹೋದೆ. ಕಡೆಗೆ ರೊಟ್ಟಿಯಾಕೆ ಎದ್ದಳು.

“ಅಣ್ಣಾ, ನಿನ್ನ ಮನಿ ಗೋದಾಮು ಆದ್ರ ಆ ಧೂಳು ನನ್ನ ಗೋಡಿಗೆ ಬರ್ತದ. ನಾಳಿ ನನ್ನ ಮಗನೂ ಇದೇ ರೇಟಿಗೆ ಕೊಡ್ತೀನಿ ಅಂತಾನ. ನಾ ಎಲ್ಲಿಗಿ ಹೋಗ್ಲಿ, ಅದನ್ನ ಹೇಳು.”

ನಾನು ಬಿಡದೆ ಡಾಕ್ಟರ ಚೀಟಿ ಎತ್ತಿ ಹಿಡಿದು ಮತ್ತೆ ಶುರು ಮಾಡಿದೆ. ಆಗ ಹಿಂದೆ ಕುಂತಿದ್ದ ನನ್ನ ಹೆಂಡತಿ ಸೆರಗು ಬಾಯಿಂದ ತೆಗೆದಳು.

“ನನ್ನ ಕೆಮ್ಮ ಮುಂದಿಟ್ಟು ವ್ಯಾಪಾರ ಮಾಡಬ್ಯಾಡ್ರಿ. ಸಾಕು, ಕುಂದ್ರಿ.” ಆಮೇಲೆ ಸಭೆಯ ಕಡೆ ತಿರುಗಿದಳು. “ಪಡುವಣ ತುದಿಯೊಳಗ ಸಂಘದ ಮೀಟಿಂಗಿನ ಕೋಣಿ ಅದಲ್ಲ, ಅದು ನಮಗ ಕೊಡ್ರಿ. ನಮ್ಮ ಮನಿ ನೀವು ತೊಗೊಂಡು ಮೀಟಿಂಗಿಗಿ ಇಟ್ಕೊಳ್ರಿ. ಅಲ್ಲಿ ಯಾರನ್ನೂ ಮಲಗಿಸಬ್ಯಾಡ್ರಿ.”

ಒಪ್ಪಿದರು. ಸಾಮಾನನ್ನೂ ಅವರೇ ಹೊತ್ತು ತಂದರು. ಮೂರು ಕೋಣೆಯ ಮನೆಯಿಂದ ಒಂದು ಕೋಣೆಗೆ ಬಂದೆವು, ಅದಕ್ಕೆ ಅಡುಗೆಮನೆಯೂ ಇಲ್ಲ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸಿ ಧೂಳನ್ನು ಆಚೆ ಒಯ್ಯುತ್ತದೆ. ಆಗ ಅವಳು ಹೊಸ್ತಿಲಲ್ಲಿ ಕುಂತು ಕಾಯಿಪಲ್ಲೆ ಹೆಚ್ಚುತ್ತಾಳೆ, ನಗುತ್ತಾಳೆ. ಚಳಿಗೆ ಮೂಡಣ ಗಾಳಿ ಬಿತ್ತೆಂದರೆ ಧೂಳು ಇಡೀ ಓಣಿ ದಾಟಿ ಬರುತ್ತದೆ. ಆಗ ಬಾಗಿಲು ಹಾಕಿ, ಸಂದಿಗೆ ಒದ್ದೆ ಸೀರೆ ತುರುಕಿ ಒಳಗೇ ಕೂರಬೇಕು.

ಈ ಚಳಿಗಾಲದಲ್ಲಿ ಒಂದು ದಿನ ಸಂತೆಯಿಂದ ಬಂದು ಬಾಗಿಲು ಬಡಿದೆ. ಗಾಳಿ ನಿಂತ ಮೇಲೆ ತೆಗೆಯುತ್ತೇನೆ ಎಂದು ಒಳಗಿಂದ ಹೇಳಿದಳು. ಕಟ್ಟೆಯ ಮೇಲೆ ಕುಂತೆ. ಆಗಲೇ ವಾಡಿಯ ಯಾವುದೋ ಓಣಿಯವರು ಹುಡುಕಿಕೊಂಡು ಬಂದರು, ಅವರೂ ನಮ್ಮಂತೆ ನೆಲ ಕೊಳ್ಳುವವರಿದ್ದರು. ಎಲ್ಲ ವಿವರಿಸಿದೆ. ಹೊರದಬ್ಬದಂತೆ ಹೇಗೂ ಬರೆಯುತ್ತೀರಿ, ಜಡ್ಡು ಬಂದವರು ಹೊರಗೆ ಹೋಗುವ ದಾರಿಯನ್ನೂ ಕುಂತು ಯೋಚಿಸಿ ಬರೆಯಿರಿ, ಅದಕ್ಕೆಂದೇ ಮೊದಲಿನಿಂದ ಸ್ವಲ್ಪ ಸ್ವಲ್ಪ ದುಡ್ಡು ಕೂಡಿಡಿ ಅಂದೆ. ತಲೆಯಾಡಿಸಿದರು. ಆದರೆ ಅವರ ಕಣ್ಣು ನೋಡಿದರೆ ತಿಳಿಯುತ್ತಿತ್ತು: ಮನೆ ಸಿಗುವ ಮೊದಲೇ ಬಿಡುವ ಮಾತು ಆಡುವ ಈ ಮುದುಕನಿಗೆ ತಲೆ ಕೆಟ್ಟಿದೆ.

ಏಳುವಾಗ ಒಬ್ಬರು ಕೇಳಿದರು, “ಕಾಕಾ, ನಿಮ್ಮದೇ ಮನಿ, ನೀವ್ಯಾಕ ಹೊರಗ ಕುಂತೀರಿ?”

ಒಳಗಿಂದ ಕೆಮ್ಮು ಕೇಳಿಸಿತು. ಮೊದಲಿಗಿಂತ ಕಡಿಮೆಯೇ ಇತ್ತು. ಗಾಳಿ ತಿರುಗಿಲ್ಲ ಅಂದೆ. ಅವರಿಗೆ ಬಸ್ಸಿನ ದಾರಿ ತೋರಿಸಿ ಮತ್ತೆ ಕುಂತೆ.