ಮುಡಿ ಕೊಡದ ಕೂಸಿನ ಪಾಸ್‌ಪೋರ್ಟ್

ಮಾರಮ್ಮನನ್ನು ನಂಬಿ ನಡೆಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇವತ್ತಿನದು ನಗಿಸುವ ಪೋಸ್ಟ್ ಅಲ್ಲ. ಚಳ್ಳಕೆರೆಯ ಟೈಲರ್ ಸರೋಜಕ್ಕ, ಅಂದರೆ ನಾನು, ಬ್ಲೌಸ್ ಗಿರಾಕಿಗಳನ್ನು ಬೈಯುವುದನ್ನು ಓದಲು ಬಂದವರು ಬೇಕಾದರೆ ಮುಂದಕ್ಕೆ ಹೋಗಿ, ಬೇಜಾರಿಲ್ಲ.

ಹೋದ ವರ್ಷ ಈರುಳ್ಳಿ ಕೀಳುವ ಹೊತ್ತಿಗೆ ನನ್ನ ತಂಗಿ ನಾಗವೇಣಿ ಮಸ್ಕತ್‌ನಲ್ಲಿ ಸಾಯುತ್ತಿದ್ದಳು. ಯಾವ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳೋ ಅದೇ ಆಸ್ಪತ್ರೆಯ ಮಂಚದ ಮೇಲೆ. ರಕ್ತದ ಕ್ಯಾನ್ಸರ್. ಅವಳ ನಾಲ್ಕು ವರ್ಷದ ಮಗಳು ಸಿಂಚನ ಇಲ್ಲಿ ನನ್ನ ಮನೆಯಲ್ಲಿದ್ದಳು. ಆಕ್ಸಿಜನ್ ಮೇಲಿರುವವಳನ್ನು ವಿಮಾನಕ್ಕೆ ಹತ್ತಿಸುವುದಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿಬಿಟ್ಟಿದ್ದರು. ಅವಳು ಬರುವ ಹಾಗಿಲ್ಲ, ಮಗುವನ್ನು ಕರೆದೊಯ್ಯೋಣವೆಂದರೆ ಅದಕ್ಕೆ ಪಾಸ್‌ಪೋರ್ಟ್ ಇಲ್ಲ.

"ಅಕ್ಕಾ, ನಂಗೆ ಇನ್ನೇನೂ ಬ್ಯಾಡ ಕಣೇ. ಕೂಸನ್ನ ಒಂದ್ಸಲ ತಂದು ತೋರ್ಸು" ಎಂದಳು ಫೋನಿನಲ್ಲಿ. ಮಾತಿಗಿಂತ ಉಸಿರೇ ಹೆಚ್ಚು ಕೇಳಿಸುತ್ತಿತ್ತು.

ನನ್ನ ಪಾಸ್‌ಪೋರ್ಟ್ ಹಿಂದೆಯೇ ಆಗಿತ್ತು, ಅವಳೇ ಹಟ ಮಾಡಿ ಮಾಡಿಸಿದ್ದು. ಮಗುವಿನದಕ್ಕೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು. ನಾಗವೇಣಿಯ ಒಪ್ಪಿಗೆ ಪತ್ರವನ್ನು ಅವಳ ಜೊತೆ ಕೆಲಸ ಮಾಡುವ ಮಲಯಾಳಿ ಹುಡುಗಿ ಬಿನ್ಸಿ ಓಡಾಡಿ ರಾಯಭಾರ ಕಚೇರಿಯ ಮೊಹರು ಹಾಕಿಸಿ ಕಳಿಸಿದಳು. ಉಳಿದದ್ದು ತಂದೆಯ ಸಹಿ. ಮಗುವಿನಪ್ಪ ತಿಪ್ಪೇಸ್ವಾಮಿ ಮೊಳಕಾಲ್ಮುರು ಸೀರೆ ನೇಯುವವನು, ಕೊಂಡ್ಲಹಳ್ಳಿಯಲ್ಲಿ ಅವನ ಮನೆ, ಮಗ್ಗ ಎಲ್ಲ. ಹೆಂಡತಿ ಮಾತು ಕೇಳದೆ ಮಸ್ಕತ್‌ಗೆ ಹೋದಳೆಂದು ಎರಡೂವರೆ ವರ್ಷದಿಂದ ಮಾತು ಬಿಟ್ಟಿದ್ದ. ಡೈವೋರ್ಸ್ ಆಗಿರಲಿಲ್ಲ. ಕೋರ್ಟಿಗೆ ಹೋದರೆ ತಿಂಗಳುಗಟ್ಟಲೆ ಆಗುತ್ತದೆ ಎಂದರು ವಕೀಲರು. ನನ್ನ ತಂಗಿಯ ಹತ್ತಿರ ತಿಂಗಳುಗಳಿರಲಿಲ್ಲ.

ಮಗುವನ್ನು ಎತ್ತಿಕೊಂಡು ಬಳ್ಳಾರಿ ಬಸ್ಸು ಹತ್ತಿದೆ. ತಿಪ್ಪೇಸ್ವಾಮಿ ಮಗ್ಗದಲ್ಲಿ ಕೂತಿದ್ದ. ಮಗಳನ್ನು ನೋಡಿದ, ತಲೆ ತಗ್ಗಿಸಿದ.

"ಸಹಿ ಹಾಕಕ್ಕೆ ನಂದೇನಿಲ್ಲಕ್ಕ. ಅವ್ವನ್ನ ಕೇಳ್ರಿ."

"ಕೂಸು ನಿಂದೋ ನಿಮ್ಮವ್ವಂದೋ?" ಎಂದೆ. ನನ್ನ ಬಾಯಿ ನಿಮಗೆ ಗೊತ್ತಲ್ಲ.

ಅವನ ತಾಯಿ ಬೋರಮ್ಮ ಒಳಗಿನಿಂದ ಬಂದರು. "ಏನಮ್ಮ ಸರೋಜ, ಮುಡಿ ಕೊಡದ ಕೂಸನ್ನ ಸಮುದ್ರ ದಾಟಿಸ್ತೀಯಾ? ನಿಮ್ಮನೇಲಿ ಹಿಂಗೇನಾ ನಡಿಯೋದು?"

ಅವರ ಮನೆತನದ ಕಟ್ಟಳೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹುಟ್ಟುಗೂದಲನ್ನು ಊರಾಚೆ ಗುಡಿಯ ಮಾರಮ್ಮನಿಗೆ ಕೊಡಬೇಕು. ಅಲ್ಲಿಯವರೆಗೆ ಮಗುವಿನ ತಲೆಗೆ ಕತ್ತರಿ ತಾಗಬಾರದು, ಮಗು ದೂರದೇಶಕ್ಕೆ ಹೋಗಬಾರದು. ಮೊದಲ ಎಳೆ ಕತ್ತರಿಸಿದಾಗ ಅದು ನೆಲಕ್ಕೆ ಬೀಳದಂತೆ ಹೆತ್ತವಳು ಸೆರಗೊಡ್ಡಿ ಹಿಡಿಯಬೇಕು. ಬೇರೆ ಯಾರು ಹಿಡಿದರೂ ಆಗದು. ಗಂಡ ಹೆಂಡಿರ ಜಗಳದಲ್ಲಿ ಆ ಕಾರ್ಯ ನಿಂತೇ ಹೋಗಿತ್ತು. ಈಗ ನೋಡಿ ಗಂಟು: ಮುಡಿ ಕೊಡದೆ ಮಗು ತಾಯಿಯ ಹತ್ತಿರ ಹೋಗುವಂತಿಲ್ಲ, ತಾಯಿ ಇಲ್ಲದೆ ಮುಡಿ ಕೊಡುವಂತಿಲ್ಲ.

"ಅವ್ಳು ಸಾಯ್ತಾವ್ಳೆ ಅತ್ತೆಮ್ಮ" ಎಂದೆ.

"ಕೂಸನ್ನ ಅತ್ಲಾಗೆ ಸಾಗಿಸ್ಕೊಳಕ್ಕೆ ಕಾಯಿಲೆ ನೆಪ ತೆಗೆದವ್ಳೆ. ನಾನೇನು ಇವತ್ತು ಹುಟ್ಟಿದೀನಾ?"

ಫೋಟೋ ತೋರಿಸಬಹುದಿತ್ತು. ಆದರೆ ನಾಗವೇಣಿ ಆಣೆ ಹಾಕಿಸಿಕೊಂಡಿದ್ದಳು, ಅತ್ತೆಗೂ ಗಂಡನಿಗೂ ತನ್ನ ಈ ಮುಖ ತೋರಿಸಬಾರದೆಂದು. ಅವಳ ಸ್ವಾಭಿಮಾನ ಅಂಥದ್ದು. ಕೊನೆಗೆ ಬೋರಮ್ಮನೇ ಒಂದು ಮಾತಿಗೆ ಇಳಿದರು. "ಮಂಗಳವಾರ ಬಾ. ಅಮ್ಮನ ಹತ್ರ ಹೂ ಕೇಳಾನ. ಬಲಗಡೆ ಕೊಟ್ರೆ ಕರ್ಕೊಂಡು ಹೋಗು."

ಮಂಗಳವಾರ ಬೆಳಿಗ್ಗೆ ಗುಡಿಗೆ ಹೋದೆವು. ಪೂಜಾರಿ ಅಮ್ಮನ ಮೈಗೆ ನೀರು ಹಾಕಿ ಎರಡೂ ಕಡೆ ಹೂ ಅಂಟಿಸಿದರು. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ನಾನು ಕೈ ಮುಗಿದು ಕೂತೆ. ಬಿಸಿಲೇರಿತು. ಹೂ ಅಲುಗಲಿಲ್ಲ. ಪೂಜಾರಿ ಎರಡನೇ ಸಲ ಮಂಗಳಾರತಿ ಎತ್ತಿದರು. ಆಗಲೂ ಅಲುಗಲಿಲ್ಲ.

"ರಾಲೇದಮ್ಮಾ. ಬರ್ಲಿಲ್ಲ. ಮುಂದಿನ ಮಂಗಳವಾರ ಬನ್ರಿ" ಎಂದರು ಪೂಜಾರಿ.

ನನಗೆ ತಡೆಯಲಾಗಲಿಲ್ಲ. ದೇವರ ಮುಂದೆ ಹೀಗೆ ಮಾತಾಡಬಾರದು, ಗೊತ್ತು. ಆದರೂ ಅಂದೆ. "ಮುಂದಿನ ಮಂಗಳವಾರ ಅವ್ಳಿಗೆ ಐತೇನಮ್ಮಾ? ನೀನೂ ಹೆಣ್ಣಲ್ವಾ? ಬ್ಯಾಡ ಅಂತಾದ್ರೂ ಅನ್ನು, ಅವ್ಳಿಗೆ ಹೇಳ್ತೀನಿ, ಕಾಯಬ್ಯಾಡ ಅಂತ." ಕಂಬಕ್ಕೆ ಒರಗಿ ಅತ್ತೆ. ತಿಪ್ಪೇಸ್ವಾಮಿ ಹೊರಗೆ ಹೋಗಿ ನಿಂತ.

ಸಿಂಚನಗೆ ಇದೆಲ್ಲ ಬೇಸರವಾಗಿತ್ತು. ಸೊಂಟದವರೆಗೆ ಇಳಿದ ಕೂದಲು ಬೆವರಿಗೆ ಕತ್ತಿಗೆ ಅಂಟಿತ್ತು. ನಾನು ಅಳುತ್ತಿದ್ದುದರಿಂದ ಬೋರಮ್ಮನ ಹತ್ತಿರ ಹೋದಳು.

"ಅಜ್ಜಿ, ಜಡೆ ಹಾಕು. ಸೆಕೆ."

ಬೋರಮ್ಮ ಮಗುವನ್ನು ಮುಂದೆ ಕೂರಿಸಿಕೊಂಡು ಬೆರಳಲ್ಲೇ ಸಿಕ್ಕು ಬಿಡಿಸತೊಡಗಿದರು.

"ಅಜ್ಜಿ, ನಂದು ಈ ಅಮ್ಮಂಗೆ ಕೊಡ್ತೀರಲ್ಲ, ಅವ್ವಂದು ಯಾವ ದೇವ್ರಿಗೆ ಕೊಟ್ರು?"

"ಏನು ಕೊಟ್ರು?"

"ಕೂದ್ಲು. ಅವ್ವನ ತಲೇಲಿ ಒಂದೂ ಇಲ್ಲ. ಹುಬ್ಬೂ ಇಲ್ಲ. ಫೋನಲ್ಲಿ ನೋಡಿದೀನಿ."

ಬೋರಮ್ಮನ ಕೈ ನಿಂತಿತು. ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ, ಅಷ್ಟೇ. ಆಣೆ ನಾನು ಮುರಿಯಲಿಲ್ಲ.

ಬೋರಮ್ಮ ಮತ್ತೆ ಜಡೆಗೆ ಕೈ ಹಾಕಿದರು. ಜಡೆ ಪೂರ್ತಿ ಹೆಣೆದು, ತಮ್ಮ ಸೀರೆಯ ಅಂಚಿನಿಂದ ದಾರ ಹರಿದು ಕಟ್ಟಿದರು. ಆಮೇಲೆ ಅಮ್ಮನ ಕಡೆ ತಿರುಗಿ ಸೆರಗೊಡ್ಡಿ ಹೇಳಿದರು. "ಕೂಸಿನ ಬಾಯಲ್ಲಿ ಅಪ್ಪಣೆ ಕೊಟ್ಯಲ್ಲೇ ತಾಯಿ. ಹೂ ಕೇಳ್ದೆ ನಾನು, ಮುಟ್ಠಾಳಿ."

ಹೊರಗೆ ನಿಂತಿದ್ದ ಮಗನನ್ನು ಕೂಗಿದರು. "ಲೇ ತಿಪ್ಪೇಸಿ, ನಡಿಯೋ ದುರ್ಗಕ್ಕೆ! ಏನ್ ಗರ ಬಡ್ದಂಗೆ ನಿಂತಿದೀಯಾ?"

"ಮುಡಿ, ಅವ್ವಾ?"

"ಹೆತ್ತೋಳು ಎಲ್ಲಿ ಅವ್ಳೋ ಅಲ್ಲೇ ಹಿಡೀಲಿ. ಸರೋಜ ಇಲ್ಲಿಗೆ ತರ್ತಾಳೆ. ಅಮ್ಮಂಗೆ ನಾನು ಹೇಳ್ಕೊಂತೀನಿ."

ಚಿತ್ರದುರ್ಗದ ಪಾಸ್‌ಪೋರ್ಟ್ ಕೇಂದ್ರದಲ್ಲಿ ತಿಪ್ಪೇಸ್ವಾಮಿ ಸಹಿ ಹಾಕಿದ. ಅಲ್ಲಿಯ ಹುಡುಗಿ ಮಗುವಿಗೆ, "ನಗಬಾರದು ಪುಟ್ಟಿ" ಎಂದು ಹೇಳಿ ಫೋಟೋ ತೆಗೆದಳು. ನಮ್ಮಲ್ಲಿ ನಗುವವರು ಯಾರೂ ಇರಲಿಲ್ಲ. ತುರ್ತು ಅರ್ಜಿ, ಪುಸ್ತಕ ಬೇಗ ಬಂತು. ವೀಸಾ ಬಿನ್ಸಿ ನೋಡಿಕೊಂಡಳು. ಹೊರಡುವ ದಿನ ತಿಪ್ಪೇಸ್ವಾಮಿ ಚಳ್ಳಕೆರೆ ಬಸ್‌ಸ್ಟ್ಯಾಂಡಿಗೆ ಬಂದು ಒಂದು ಪೊಟ್ಟಣ ಕೊಟ್ಟ. ಅವನೇ ನೇಯ್ದ ಸೀರೆ. "ಸೆರಗು ಬೇಕಲ್ಲಕ್ಕ" ಎಂದ.

ಮಸ್ಕತ್‌ನ ಆ ಕೋಣೆಯಲ್ಲಿ ಮಗು ಮೊದಲು ನನ್ನ ಹಿಂದೆ ಅಡಗಿತು. ಮಂಚದ ಮೇಲಿದ್ದದ್ದು ನನ್ನ ತಂಗಿಯೆಂದು ನಾನೇ ನಂಬಲಾರದೆ ನಿಂತಿದ್ದೆ, ಮಗುವಿನದೇನು ತಪ್ಪು. "ಬಂದ್ಯೇನೇ ನನ್ನವ್ವಾ" ಎಂದಳು ನಾಗವೇಣಿ. ಆ ದನಿ ಗುರುತು ಹತ್ತಿದ್ದೇ ತಡ, ಸಿಂಚನ ಮಂಚ ಹತ್ತಿಬಿಟ್ಟಳು.

ಆಸ್ಪತ್ರೆಯ ಅಂಗಿಯ ಮೇಲೆಯೇ ಆ ಸೀರೆ ಹೊದಿಸಿದೆವು. ಅವಳು ಅಂಚು ಮುಟ್ಟಿ ನೋಡಿದಳು. "ಅವ್ರ ಕೈ ಕೆಲ್ಸ" ಎಂದಳು. ಬಿನ್ಸಿ ಕತ್ತರಿ ಹಿಡಿದು ಒಂದು ಎಳೆ ಕತ್ತರಿಸಿದಳು. ನಾಗವೇಣಿ ಎರಡೂ ಕೈಯಿಂದ ಸೆರಗೊಡ್ಡಿ ಹಿಡಿದಳು, ಒಂದು ಕೂದಲೂ ನೆಲ ಮುಟ್ಟಲಿಲ್ಲ. "ಅರ್ಧ ನಂಗೆ ಕೊಡೇ, ಅಂಟಿಸ್ಕೊಂತೀನಿ" ಎಂದು ಮಗಳನ್ನು ನಗಿಸಿದಳು. ಬಿನ್ಸಿ ಹೊರಗೆ ಹೋಗಿ ಅತ್ತಳು.

ಎರಡು ವಾರ ಮಗು ಅವಳ ಪಕ್ಕದಲ್ಲೇ ಮಲಗಿತು. ಮೂರನೆಯ ವಾರ ನನ್ನ ತಂಗಿ ಹೋದಳು. ಮಣ್ಣು ಮಾಡಲು ಊರಿಗೆ ತಂದೆವು. ಆ ಸೀರೆಯಲ್ಲೇ ಕಳಿಸಿದೆವು. ತಿಪ್ಪೇಸ್ವಾಮಿ ಕಾಲ ಹತ್ತಿರ ಕೂತು, ಹೆಸರು ಹಿಡಿದು ಕರೆದು ಕರೆದು ಅತ್ತ.

ಸೂತಕ ಕಳೆದ ಮೇಲೆ ಆ ಎಳೆಯನ್ನೂ ಉಳಿದ ಮುಡಿಯನ್ನೂ ಅಮ್ಮನಿಗೆ ಒಪ್ಪಿಸಿದೆವು. ಇದನ್ನು ಓದಿ ಯಾರಾದರೂ, "ತಂಗಿ ಉಳೀಲಿಲ್ಲ, ಇದ್ಯಾವ ಸೀಮೆ ಪವಾಡ" ಎನ್ನಬಹುದು. ಅನ್ನಿ. ಉಳಿಸಿಕೊಡು ಎಂದು ನಾನು ಕೇಳಿದ್ದು ಒಂದು ಸಲವಲ್ಲ, ಅದನ್ನು ಅಮ್ಮ ಕೊಡಲಿಲ್ಲ. ಆ ಸಿಟ್ಟು ಇನ್ನೂ ನನ್ನೊಳಗಿದೆ, ಅವಳ ಮುಂದೆಯೇ ಹೇಳಿದ್ದೇನೆ. ಆದರೆ ನನ್ನ ತಂಗಿ ಮಗಳ ಹಾದಿ ಕಾಯುತ್ತಾ ಸಾಯಲಿಲ್ಲ. ಅವಳ ಕುತ್ತಿಗೆಯ ಮೇಲೆ ಮಗಳ ಕೈ ಇತ್ತು. ಇಷ್ಟನ್ನು ಕೊಡಲು ಮನುಷ್ಯರ ಕೈಯಲ್ಲಿ ಆಗದು ಎಂದು ಕೊಂಡ್ಲಹಳ್ಳಿಯ ಆ ಬಾಗಿಲಲ್ಲಿ ನಿಂತಾಗಲೇ ನನಗೆ ಗೊತ್ತಾಗಿತ್ತು.

ಈಗ ಮಂಗಳವಾರ ಅಂಗಡಿ ಬಾಗಿಲು ಹಾಕಿ ಗುಡಿಗೆ ಹೋಗುತ್ತೇನೆ. ಏನನ್ನೂ ಕೇಳುವುದಿಲ್ಲ. ಸಿಂಚನ, ಬೋರಮ್ಮ, ನಾನು, ಮೂವರೂ ಅಮ್ಮನ ಎದುರು ಸುಮ್ಮನೆ ಸ್ವಲ್ಪ ಹೊತ್ತು ಕೂತು ಬರುತ್ತೇವೆ.