ಅಡ್ಡಹೆಸರು ಕೇಳಬೇಡಿ

ಈ ಬರಹದಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಓದುವವರು ಮೊದಲು ಅದರ ಬಾಲ ಹಿಡಿದು ಜಾತಿ ಹುಡುಕುತ್ತಾರೆ. ನಮ್ಮವರನ್ನು ನಾನು ಬಲ್ಲೆ. ಕೀನ್ಯಾದವರೂ ಇದರಲ್ಲಿ ನಮಗಿಂತ ಕಡಿಮೆಯಿಲ್ಲ ಎಂಬುದನ್ನು ಲಂಡನ್ನಿನ ಈಸ್ಟ್ ಹ್ಯಾಮಿನಲ್ಲಿ ಪಕ್ಕದ ಮನೆ ನೋಡುತ್ತ ಕಲಿತೆ.

ತೊಂಬತ್ತರ ದಶಕದ ನಡುವಿನಲ್ಲಿ ನಾವು ಆ ಮನೆ ಹಿಡಿದಾಗ ಪಕ್ಕದಲ್ಲಿದ್ದವರು ಕೀನ್ಯಾದ ಗಂಡ ಹೆಂಡತಿ. ಆತ ಬಸ್ ಡ್ರೈವರ್. ಆಕೆ ನಾನು ರಿಸೆಪ್ಶನ್ನಿನಲ್ಲಿ ಕೂರುತ್ತಿದ್ದ ಆಸ್ಪತ್ರೆಯಲ್ಲೇ ಹೆರಿಗೆ ವಾರ್ಡಿನ ನರ್ಸ್. ಒಬ್ಬಳೇ ಮಗಳು, ಆಗಿನ್ನೂ ಶಾಲೆಗೆ ಹೋಗದ ಕೂಸು. ಮೊದಲ ದಿನವೇ ಆ ತಾಯಿ ನನ್ನನ್ನು ‘ದಾದಾ’ ಎಂದು ಕರೆದಳು. ವಿಜಾಪುರದವಳಾದ ನನಗೆ ದಾದಾ ಎಂದರೆ ಬಜಾರಿನಲ್ಲಿ ತೋಳು ಮಡಚಿ ನಿಂತ ಗೂಂಡಾ. ಅವರ ಸ್ವಾಹಿಲಿಯಲ್ಲಿ ಅದು ಅಕ್ಕ ಎಂದು ತಿಳಿದ ಮೇಲೆ ಇಬ್ಬರೂ ಬೇಲಿಯ ಆಚೆ ಈಚೆ ನಿಂತು ಹೊಟ್ಟೆ ಹಿಡಿದು ನಕ್ಕೆವು. ಗೆಳೆತನ ಶುರುವಾದದ್ದು ಹಾಗೆ.

ಆಕೆ ಗುಡ್ಡದ ಸೀಮೆಯವಳು, ಆತ ದೊಡ್ಡ ಸರೋವರದ ದಂಡೆಯವನು. ಎರಡು ಬೇರೆ ಬೇರೆ ಬುಡಕಟ್ಟು, ಬೇರೆ ಬೇರೆ ಭಾಷೆ; ಸ್ವಾಹಿಲಿ ಮಾತ್ರ ದೇಶಕ್ಕೆಲ್ಲ ಒಂದೇ. ಬುಡಕಟ್ಟು ಎಂದೊಡನೆ ನಮ್ಮವರ ಕಣ್ಣ ಮುಂದೆ ಕಾಡು, ಗರಿ, ಬಿಲ್ಲು ಬಂದುಬಿಡುತ್ತವೆ. ನಾನು ಕಂಡ ಆ ಬುಡಕಟ್ಟುಗಳಲ್ಲಿ ವಕೀಲರಿದ್ದರು, ಮೇಷ್ಟ್ರಿದ್ದರು, ಟೈ ಕಟ್ಟಿಕೊಂಡ ಲೆಕ್ಕಪರಿಶೋಧಕರಿದ್ದರು. ನಾವು ಜಾತಿ ಎನ್ನುವ ಕಡೆ ಅವರು ಬುಡಕಟ್ಟು ಎನ್ನುತ್ತಿದ್ದರು, ಅಷ್ಟೇ. ಆಗ ಲಂಡನ್ನಿನ ಅವರೆಲ್ಲರಿಗೂ ಇದ್ದದ್ದು ಒಂದೇ ಸಂಘ. ತಿಂಗಳಿಗೊಮ್ಮೆ ಸ್ಟ್ರಾಟ್‌ಫರ್ಡಿನ ಒಂದು ಚರ್ಚಿನ ಹಾಲಿನಲ್ಲಿ ಸೇರುತ್ತಿದ್ದರು. ಆಕೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು. ನಮ್ಮ ಜೋಳದ ಸಂಗಟಿಯ ಹಾಗೆ ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿಯಾಗಿ ತಿರುವಿ, ಸೊಪ್ಪಿನ ಪಲ್ಯದ ಜೊತೆ ಕೊಡುತ್ತಿದ್ದರು. ಯಾರ ತಟ್ಟೆ ಯಾರ ಮುಂದೆ ಎಂದು ನೋಡುವವರಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಏಕೆಂದರೆ ನಮ್ಮ ಕನ್ನಡದವರ ಕೂಟದ ಕತೆ ಬೇರೆ. ಒಮ್ಮೆ ರೇನರ್ಸ್ ಲೇನಿನಲ್ಲಿ ಯುಗಾದಿ ಊಟ. ಮೈಸೂರಿನ ಕಡೆಯ ಡಾಕ್ಟರರ ಹೆಂಡತಿಯೊಬ್ಬಳು ಹೊಸದಾಗಿ ಬಂದಿದ್ದಳು. ನಮ್ಮ ಬೆಳಗಾವಿಯ ಹಿರಿಯರೊಬ್ಬರು ಬಡಿಸುತ್ತಲೇ, “ನಿಮ್ಮ ಅಡ್ಡಹೆಸರ ಏನ್ರೀ?” ಎಂದು ಕೇಳಿದರು. ಮೈಸೂರಿನ ಕಡೆ ಅಡ್ಡಹೆಸರೆಂದರೆ ಮುದ್ದಿನ ಹೆಸರು. ಪಾಪ, ಆಕೆ ನಾಚಿಕೊಂಡು, “ಮನೇಲಿ ಎಲ್ಲಾ ಪುಟ್ಟಿ ಅಂತಾರೆ” ಎಂದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಹಿರಿಯರು ಮಾತ್ರ ಬಿಡಲಿಲ್ಲ. “ಅಲ್ರೀ, ಮನಿತನದ ಹೆಸರ ಕೇಳೀನಿ” ಎಂದು ಸೌಟು ಹಿಡಿದೇ ನಿಂತರು. ಹೆಸರು ಸಿಕ್ಕಿ, ಅದರಿಂದ ಜಾತಿ ಸಿಕ್ಕಿದ ಮೇಲೆ ಮುಂದಿನ ಎಲೆಗೆ ಹೋದರು.

ಇದನ್ನು ಪಕ್ಕದ ಮನೆಯ ಗೆಳತಿಗೆ ಹೇಳಿದಾಗ ಆಕೆ ಕಣ್ಣೀರು ಬರುವಷ್ಟು ನಕ್ಕಳು. ತಮ್ಮಲ್ಲೂ ಕೊನೆಯ ಹೆಸರೊಂದು ಕಿವಿಗೆ ಬಿದ್ದರೆ ಸಾಕು, ಇವನು ಗುಡ್ಡದವನೋ ಸರೋವರದವನೋ ಗೊತ್ತಾಗುತ್ತದೆ, ಆದರೆ ಲಂಡನ್ನಿನಲ್ಲಿ ಅದನ್ನೆಲ್ಲ ಯಾರು ಕೇಳುತ್ತಾರೆ ಎಂದಳು. ಮಗಳದು ಅಪ್ಪನ ಹೆಸರು, ಸರೋವರದ ಹೆಸರು.

ಮಗಳು ದೊಡ್ಡವಳಾಗುತ್ತ, ಬುಡಕಟ್ಟಿನ ಗೊಡವೆಯಿಲ್ಲದ ಶಾಲೆಯ ಜಮೈಕಾದ ಗೆಳತಿಯರ ಹಾಗೆ, ಇಂಗ್ಲಿಷನ್ನೇ ಆಡತೊಡಗಿದಳು. ನನ್ನ ಮಕ್ಕಳೂ ಹಾಗೇ ಇದ್ದರು, ಆ ಸಂಕಟ ನನಗೂ ಗೊತ್ತು. ಇಲ್ಲಿ ಹುಟ್ಟಿದ ಹುಡುಗಿಗೆ ತನ್ನವರು ಅಂತ ಒಂದಿಷ್ಟು ಜನ ಇರಬೇಕು, ನಾಳೆ ತಾನಿಲ್ಲದಾಗ ಹೋಗಿ ನಿಲ್ಲುವುದಕ್ಕೆ ಒಂದು ಬಾಗಿಲಿರಬೇಕು ಎಂದು ಗೆಳತಿ ಪದೇ ಪದೇ ಹೇಳುತ್ತಿದ್ದಳು. ಆಕೆಯ ಜೀವದ ಆಸೆ ಅದೊಂದೇ. ಅಷ್ಟರಲ್ಲಿ ಗುಡ್ಡದವರು ತಮ್ಮದೇ ಸಾಂಸ್ಕೃತಿಕ ಸಂಘ ಮಾಡಿಕೊಂಡರು. ಮಕ್ಕಳಿಗೆ ಭಾಷೆ, ಹಾಡು, ಕುಣಿತ ಕಲಿಸಲಿಕ್ಕೆ ಎಂದರು. ಮರುವರ್ಷ ಸರೋವರದವರದೂ ಒಂದಾಯಿತು. ಆಕೆ ಮಗಳನ್ನು ಶನಿವಾರ ಶನಿವಾರ ಗುಡ್ಡದವರ ಸಂಘಕ್ಕೆ ಕರೆದುಕೊಂಡು ಹೋದಳು. ಹುಡುಗಿಯ ಗಂಟಲು ಚೆನ್ನಾಗಿತ್ತು, ತಾಯಿಯ ಭಾಷೆಯ ಹಾಡುಗಳನ್ನು ಬೇಗ ಕಲಿತಳು. ಗಂಡನಿಗೂ ಆಗ ಬೇಸರವಿರಲಿಲ್ಲ.

ಆಮೇಲೆ ಊರಿನಿಂದ ರಾಜಕಾರಣಿಗಳು ಬರತೊಡಗಿದರು. ಲಂಡನ್ನಿಗೆ ಯಾವ ಕೆಲಸಕ್ಕೆ ಬಂದರೂ ಸಂಜೆ ತಮ್ಮ ತಮ್ಮ ಸಂಘಕ್ಕೆ ಮುಖ್ಯ ಅತಿಥಿ. ಕುಣಿತ ಮುಗಿದ ಮೇಲೆ ಭಾಷಣ, ಅದೂ ತಾಯ್ನುಡಿಯಲ್ಲಿ, ಬೇರೆಯವರಿಗೆ ತಿಳಿಯಬಾರದ ಹಾಗೆ. ನಮ್ಮವರು ಒಗ್ಗಟ್ಟಾಗದಿದ್ದರೆ ಅವರು ನಮ್ಮನ್ನು ತಿಂದುಹಾಕುತ್ತಾರೆ ಎಂಬುದೇ ಒಟ್ಟು ಸಾರಾಂಶವೆಂದು ಗೆಳತಿ ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ. ಅದೇ ವರ್ಷ ನಮ್ಮ ಕನ್ನಡದವರಲ್ಲೂ ಒಂದು ಜಾತಿಯವರು ಪ್ರತ್ಯೇಕ ಬಳಗ ಕಟ್ಟಿ, ಊರಿನ ಮಂತ್ರಿಯೊಬ್ಬನಿಗೆ ಶಾಲು ಹೊದಿಸಿದ್ದರು. ಸಂಸ್ಕೃತಿ ಎಂಬ ಮಾತು ಕೇಳಿದರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ.

ಎರಡು ಸಾವಿರದ ಏಳರ ಕೊನೆಗೆ ಕೀನ್ಯಾದಲ್ಲಿ ಚುನಾವಣೆ. ಫಲಿತಾಂಶ ಸುಳ್ಳೆಂದು ಸರೋವರದ ಕಡೆಯವರು, ನಿಜವೆಂದು ಗುಡ್ಡದ ಕಡೆಯವರು. ಹೊಸ ವರ್ಷ ಹುಟ್ಟುವಷ್ಟರಲ್ಲಿ ಕೊಲೆ, ಬೆಂಕಿ. ಗೆಳತಿಯ ಅಣ್ಣನ ಮನೆ ಸುಟ್ಟರು; ಆತ ಹೆಂಡತಿ ಮಕ್ಕಳೊಂದಿಗೆ ಪೊಲೀಸ್ ಠಾಣೆಯ ಅಂಗಳದಲ್ಲಿ ಮಲಗುತ್ತಿದ್ದ. ಆಕೆಯ ಗಂಡನ ತಮ್ಮನನ್ನು ಗುಡ್ಡದವರೇ ಹೆಚ್ಚಿದ್ದ ಪಟ್ಟಣದಿಂದ ಅಟ್ಟಿ, ಲಾರಿ ಹತ್ತಿಸಿ ಓಡಿಸಿದರು. ಪಕ್ಕದ ಮನೆಯಲ್ಲಿ ಒಂದೇ ಫೋನಿನಲ್ಲಿ ಗಂಡ ಒಂದು ಅಳು ಕೇಳುತ್ತಿದ್ದ, ಹೆಂಡತಿ ಇನ್ನೊಂದು. “ಅವರ ದೇಶದ ಗದ್ದಲ, ನಿನಗ್ಯಾಕ ಬೇಕ ಬಿಡು” ಎಂದರು ನನ್ನ ಯಜಮಾನರು. ಗೋಡೆಯೊಂದೇ ನಡುವೆ ಇದ್ದಾಗ ಬಿಡುವುದಾದರೂ ಹೇಗೆ?

ಜನವರಿಯಲ್ಲಿ ಗುಡ್ಡದವರ ಸಂಘ ಮನೆ ಕಳೆದುಕೊಂಡವರಿಗಾಗಿ ಪ್ರಾರ್ಥನೆ ಇಟ್ಟುಕೊಂಡಿತು. ಹುಡುಗಿ ಹಾಡಬೇಕು. ಸಂಘದ ಹಿರಿಯರು ಮನೆಗೇ ಬಂದು ಒಂದು ಮಾತು ಹೇಳಿಹೋದರು. ವೇದಿಕೆಯಲ್ಲಿ ಅಪ್ಪನ ಹೆಸರು ಬೇಡ, ಜನ ನೊಂದಿದ್ದಾರೆ, ತಾಯಿಯ ತಂದೆಯ ಹೆಸರಿನಿಂದ ಕರೆಯುತ್ತೇವೆ ಎಂದು. ಗೆಳತಿ ಒಪ್ಪಿದಳು. ನಾನು ಬೇಡವೆಂದೆ, ಗಟ್ಟಿಯಾಗಿಯೇ ಹೇಳಿದೆ. “ಒಂದು ದಿನದ ಮಟ್ಟಿಗೆ, ದಾದಾ. ನನ್ನಣ್ಣ ನೆಲದ ಮೇಲೆ ಮಲಗಿದ್ದಾನೆ. ಬರೀ ಒಂದು ಹೆಸರು” ಎಂದಳು. ಹುಡುಗಿ ಸೋಫಾದಲ್ಲಿ ಕೂತು ಇಬ್ಬರ ಮುಖವನ್ನೂ ನೋಡುತ್ತಿದ್ದಳು.

ಪ್ರಾರ್ಥನೆಯ ದಿನ ಹುಡುಗಿಯ ಅಪ್ಪನಿಗೆ ಡ್ಯೂಟಿಯಿತ್ತು. ಮಗಳ ಹಾಡು ಕೇಳಬೇಕೆಂದು ಯಾರೊಂದಿಗೋ ಪಾಳಿ ಬದಲಿಸಿಕೊಂಡು, ಯೂನಿಫಾರ್ಮಿನಲ್ಲೇ ಬಂದು ಹಾಲಿನ ಹಿಂದೆ ನಿಂತಿದ್ದ. ನಾನೂ ಅಲ್ಲೇ ಇದ್ದೆ. ಮೈಕಿನಲ್ಲಿ ಹುಡುಗಿಯ ಹೆಸರು ಕೂಗಿದಾಗ ಆತ ಮೊದಲು ಬೇರೆ ಯಾರೋ ಎಂದು ವೇದಿಕೆಯ ಕಡೆ ಕತ್ತು ಚಾಚಿ ನೋಡಿದ. ಮೇಲೆ ಬಂದವಳು ತನ್ನ ಮಗಳು. ಹಾಡು ಮುಗಿಯುವವರೆಗೂ ಕೈಕಟ್ಟಿ ನಿಂತೇ ಇದ್ದ. ಅವಳು ಎಂದಿಗಿಂತ ಚೆನ್ನಾಗಿ ಹಾಡಿದಳು, ಅದೇ ನನಗೆ ತಡೆಯಲಾಗಲಿಲ್ಲ. ಕೆಳಗಿಳಿದು ಅಪ್ಪನ ಹತ್ತಿರ ಬಂದಾಗ ಆತ ಶಾಂತವಾಗಿ, “ಚೆನ್ನಾಗಿ ಹಾಡಿದೆ. ನೀನು ಯಾರ ಮಗಳಮ್ಮ?” ಎಂದು ಕೇಳಿ ಹೊರಗೆ ನಡೆದ.

ಆ ತಿಂಗಳೇ ಆತ ಡಿಪೋದ ಹತ್ತಿರ ಒಂದು ಕೋಣೆ ಹಿಡಿದ. ಬೈದಾಡಲಿಲ್ಲ, ಹೊಡೆದಾಡಲಿಲ್ಲ. ಅಷ್ಟು ಮರ್ಯಾದೆಯಿಂದ ಮನೆ ಮುರಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೆಲವು ವಾರಗಳ ಮೇಲೆ ಟೀವಿಯಲ್ಲಿ ಆ ದೇಶದ ಎರಡೂ ಕಡೆಯ ನಾಯಕರು ಕೈಕುಲುಕಿದರು, ಕುರ್ಚಿ ಹಂಚಿಕೊಂಡರು. ಗೆಳತಿ ನಮ್ಮ ಮನೆಯಲ್ಲಿ ಅದನ್ನು ನೋಡುತ್ತ ಕೂತಿದ್ದಳು. ಗಂಡನಿಗೆ ಫೋನ್ ಮಾಡು ಎಂದೆ. ಮಾಡಿದಳು. ಕುರ್ಚಿ ಸಿಕ್ಕವರು ಕೈಕುಲುಕಲಿ ಎಂದನಂತೆ.

ಬೇಸಿಗೆಯಲ್ಲಿ ಒಂದು ಶನಿವಾರ ನಾವು ಮೂವರೂ ಹೈ ಸ್ಟ್ರೀಟಿನ ತರಕಾರಿ ಅಂಗಡಿಯಲ್ಲಿದ್ದೆವು. ಗೆಳತಿ ಬಾಳೆಕಾಯಿ ಆರಿಸುತ್ತ ಮಗಳಿಗೆ ಸ್ವಾಹಿಲಿಯಲ್ಲಿ ಏನೋ ಹೇಳಿದಳು. ಹಿಂದೆ ನಿಂತಿದ್ದ ವಯಸ್ಸಾದ ಹೆಂಗಸೊಬ್ಬಳು ಅದನ್ನು ಕೇಳಿ, ಕಳೆದುಹೋದ ತಂಗಿ ಸಿಕ್ಕವಳಂತೆ ಮುಖ ಅರಳಿಸಿ, ಅದೇ ಭಾಷೆಯಲ್ಲಿ ಮಾತಿಗೆ ಬಂದಳು. ಹುಡುಗಿಯ ಗಲ್ಲ ಮುಟ್ಟಿ ಹೆಸರು ಕೇಳಿದಳು. ಹುಡುಗಿ ಮೊದಲ ಹೆಸರು ಹೇಳಿದಳು. ಮುಂದಿನದು, ಎಂದು ಮುದುಕಿ ನಗುತ್ತಲೇ ಇಂಗ್ಲಿಷಿನಲ್ಲಿ ಕೇಳಿದಳು.

ಹುಡುಗಿ, “ನಾವು ಕೀನ್ಯಾದವರಲ್ಲ, ಜಮೈಕಾದವರು” ಎಂದಳು.

ಮುದುಕಿ ಹುಡುಗಿಯನ್ನು ಬಿಟ್ಟು ತಾಯಿಯ ಮುಖ ನೋಡಿದಳು. ನನ್ನ ಗೆಳತಿ ಬಾಳೆಕಾಯಿಯ ಚೀಲಕ್ಕೆ ಗಂಟು ಹಾಕಿ, “ಹೌದು, ಜಮೈಕಾದವರು” ಎಂದಳು.